ವಿಶ್ವವಿದ್ಯಾನಿಲಯವೂ ಬದಲಾಗುತ್ತಿರುವ ಸಮಾಜವೂ

ಚುನಾವಣೆ ಸಮೀಪಿಸಿತೆಂದರೆ ‘ವೋಟ್ ಬ್ಯಾಂಕ್’ ಎಂಬ ಮಾತು ಕೇಳಿಬರದ ದಿನವಿರುವುದಿಲ್ಲ. ಸಭಾವೇದಿಕೆಗಳ ಮೇಲೆ ಅದು ಬೈಗುಳ. ಪತ್ರಿಕೆಗಳ ಅಂಕಣಗಳಲ್ಲಿ ಅದು ಲೆಕ್ಕಾಚಾರದ ಸಾಧನ. ಆದರೆ ಈ ಮಾತು ರಾಜಕಾರಣಿಗಳ ಬಾಯಿಂದ ಹುಟ್ಟಿದ್ದಲ್ಲ. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಒಂದು ಹಳ್ಳಿಯ ಸಮಾಜವ್ಯವಸ್ಥೆಯನ್ನು ಕುರಿತು 1955ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಅದು ಚಲಾವಣೆಗೆ ಬಂತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಅಲ್ಲಿ ಅದಕ್ಕಿದ್ದ ಅರ್ಥವೂ ಬೇರೆ. ಹಳ್ಳಿಯ ಯಜಮಾನನೊಬ್ಬನು ತನ್ನ ಆಶ್ರಯದಲ್ಲಿರುವ ಗೇಣಿದಾರರು, ಸಾಲಗಾರರು, ಆಳುಕಾಳುಗಳು ಇವರೆಲ್ಲರ ಮತಗಳನ್ನು ತಾನು ಬಯಸಿದ ಅಭ್ಯರ್ಥಿಗೆ ಕೊಡಿಸಬಲ್ಲ ಸಾಮರ್ಥ್ಯಕ್ಕೆ ಇಟ್ಟ ಹೆಸರು ಅದು. ಇಂದು ಅದೇ ಮಾತನ್ನು ಒಂದು ಇಡೀ ಜಾತಿಗೋ ಒಂದು ಇಡೀ ಮತಕ್ಕೋ ಅಂಟಿಸಿ ಬಿಡಲಾಗುತ್ತಿದೆ. ವಿದ್ವಾಂಸನು ಒಂದು ಸಂಬಂಧವನ್ನು ವಿವರಿಸಲು ರೂಪಿಸಿದ ಪದವು ಬೀದಿಗೆ ಬಂದು, ಸವೆದ ನಾಣ್ಯದಂತೆ ಮುದ್ರೆ ಕಳೆದುಕೊಂಡು, ಜನಸಮುದಾಯಗಳನ್ನು ನಿಂದಿಸುವ ಆಯುಧವಾಯಿತು.

ಈ ಒಂದು ಪದದ ಚರಿತ್ರೆಯಲ್ಲಿ ಎರಡು ಸಂಗತಿಗಳು ಅಡಗಿವೆ. ನಮ್ಮ ಬಾಳನ್ನು ನಾವು ಅರ್ಥಮಾಡಿಕೊಳ್ಳುವುದಕ್ಕೆ ಬೇಕಾದ ಮಾತುಗಳನ್ನು ವಿಶ್ವವಿದ್ಯಾನಿಲಯಗಳ ಸಾಮಾಜಿಕ ವಿಜ್ಞಾನಗಳು ಒದಗಿಸಬಲ್ಲವು ಎಂಬುದು ಮೊದಲನೆಯದು. ಆ ಮಾತುಗಳ ಹಿಂದಿರುವ ವಿಚಾರವು ಜನರಿಗೆ ತಲುಪದೆ ಹೋದರೆ, ಮಾತು ಮಾತ್ರ ಉಳಿದು ಅರ್ಥ ಕೆಡುತ್ತದೆ ಎಂಬುದು ಎರಡನೆಯದು. ವಿಜ್ಞಾನ, ತಾಂತ್ರಿಕ ವಿದ್ಯೆ, ವಾಣಿಜ್ಯ ಇವುಗಳ ಮುಂದೆ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಮಾನವಶಾಸ್ತ್ರಗಳು ಬಡ ನೆಂಟರಂತೆ ಹಿಂದಿನ ಸಾಲಿನಲ್ಲಿ ಕುಳಿತಿರುವ ಈ ಕಾಲದಲ್ಲಿ, ಅವುಗಳಿಂದ ಸಮಾಜಕ್ಕೆ ಆಗುವ ಉಪಕಾರವೇನು ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳುವುದು ಒಳ್ಳೆಯದು.

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ನಮ್ಮ ಸಮಾಜವನ್ನು ಕುರಿತ ವಿದ್ವತ್ತು ಬಹುಕಾಲ ಕೋಶವನ್ನೇ ಓದಿತು; ದೇಶವನ್ನು ಸುತ್ತಲಿಲ್ಲ. ನಾಲ್ಕು ವರ್ಣಗಳ ಚೌಕಟ್ಟನ್ನು ಗ್ರಂಥಗಳಿಂದ ತೆಗೆದುಕೊಂಡು, ಹಳ್ಳಿಯ ಬದುಕು ಅದರಂತೆಯೇ ನಡೆಯುತ್ತದೆಂದು ಭಾವಿಸಿದವರು ಅನೇಕರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರವನ್ನು ಓದಿ, ಮುಂಬಯಿಯಲ್ಲಿ ಘುರ್ಯೆಯವರ ಬಳಿಯಲ್ಲಿಯೂ ಬಳಿಕ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗ ಮಾಡಿದ ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದರು. ಅದಕ್ಕೆ ಅವರು ಕೊಟ್ಟ ಕಲ್ಪಿತ ನಾಮ ‘ರಾಮಪುರ’. ಅಲ್ಲಿ ಅವರು ಕಂಡದ್ದು ಗ್ರಂಥಗಳ ಚೌಕಟ್ಟಲ್ಲ. ಊರಿನ ಆಗುಹೋಗುಗಳನ್ನು ನಿಶ್ಚಯಿಸುತ್ತಿದ್ದವರು ಶ್ರೇಣಿಯ ತುದಿಯಲ್ಲಿದ್ದವರಲ್ಲ. ಹೆಚ್ಚು ಭೂಮಿಯನ್ನೂ ಹೆಚ್ಚು ಜನಬಲವನ್ನೂ ಹೊಂದಿದ್ದ ಒಕ್ಕಲು ಮಕ್ಕಳು. ಶ್ರೀನಿವಾಸರು ಇದನ್ನು ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯಿಂದ ವಿವರಿಸಿದರು. ಕೊಡಗಿನ ಬಗ್ಗೆ 1952ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ, ಕೆಳಗಿನ ಶ್ರೇಣಿಯವರು ಮೇಲಿನವರ ಆಚಾರಗಳನ್ನು ಕೈಕೊಂಡು ತಮ್ಮ ಸ್ಥಾನವನ್ನು ಏರಿಸಿಕೊಳ್ಳಲು ಯತ್ನಿಸುವ ಬಗೆಯನ್ನು ತೋರಿಸಿದ್ದರು. ಜಾತಿಯೆಂಬುದು ಅಲುಗಾಡದ ಬಂಡೆಯೆಂದು ತಿಳಿದವರಿಗೆ, ಅದರೊಳಗೇ ಏರುವ ಇಳಿಯುವ ಚಲನೆಯುಂಟೆಂದು ಆಗ ತಿಳಿಯಿತು.

1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು, ಅವರು ಹದಿನೆಂಟು ವರ್ಷ ಕಾಲ ವಿಂಗಡಿಸಿ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋದುವು. ಆ ಬಳಿಕ ನೆನಪಿನ ಆಧಾರದಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಹಳ್ಳಿಯಲ್ಲಿ ನಿಜವಾಗಿ ಬದುಕಿದವನಿಗೆ ಮಾತ್ರ ಹಾಗೆ ಬರೆಯಲು ಸಾಧ್ಯ. ಪ್ರಶ್ನಾವಳಿಯ ಕಾಗದ ಸುಟ್ಟರೆ ಉಳಿಯುವುದು ಬೂದಿ. ಕಣ್ಣಾರೆ ಕಂಡು ಒಡನಾಡಿದ ಜನ ಮನಸ್ಸಿನಲ್ಲಿ ಉಳಿಯುತ್ತಾರೆ.

ಸಾಮಾಜಿಕ ವಿಜ್ಞಾನಗಳನ್ನು ಹಳಿಯುವವರು ಸಾಮಾನ್ಯವಾಗಿ ಹೇಳುವ ಮಾತೊಂದುಂಟು: ‘ಎಲ್ಲರಿಗೂ ಗೊತ್ತಿರುವುದನ್ನೇ ಯಾರಿಗೂ ತಿಳಿಯದ ಭಾಷೆಯಲ್ಲಿ ಹೇಳುವುದು ಈ ಪಂಡಿತರ ಕೆಲಸ.’ ಈ ಆಕ್ಷೇಪಣೆಗೆ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳು ಕೊಡುವ ಉತ್ತರಕ್ಕಿಂತ ಬಲವಾದ ಉತ್ತರ ಬೇರೆ ಬೇಕಾಗಿಲ್ಲ.

ವಿಯೆನ್ನಾದಲ್ಲಿ ಹುಟ್ಟಿ, ನಾಟ್ಸಿಗಳ ಹಾವಳಿಯಿಂದ ಪಾರಾಗಿ ಇಂಗ್ಲೆಂಡಿಗೆ ಬಂದಿದ್ದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕಿಯಾಗಿ 1954ರಿಂದ 1956ರವರೆಗೆ ಮಂಡ್ಯದ ಹಳ್ಳಿಗಳಲ್ಲಿ ವಾಸಮಾಡಿದರು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಆ ಸೀಮೆಗೆ ಬಂದು ಬಹುಕಾಲವಾಗಿರಲಿಲ್ಲ. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಾರ್ಖಾನೆ ಕಬ್ಬನ್ನು ಕೊಳ್ಳಲು ಕಾದಿತ್ತು. ಅವರು ಆರಿಸಿಕೊಂಡ ಊರುಗಳು ಎರಡು. ‘ವಂಗಲ’ ಎಂದು ಅವರು ಹೆಸರಿಟ್ಟ ಊರಿಗೆ ನಾಲೆಯ ನೀರು ಹರಿದಿತ್ತು. ‘ದಲೇನ’ ಎಂದು ಹೆಸರಿಟ್ಟ ಊರು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಅದರ ಭೂಮಿ ಒಣಭೂಮಿಯಾಗಿಯೇ ಉಳಿದಿತ್ತು.

ನೀರು ಬಂದ ಊರು ಬದಲಾಗುತ್ತದೆ, ಬಾರದ ಊರು ಹಾಗೆಯೇ ಉಳಿಯುತ್ತದೆ: ಇದು ಲೋಕದ ತಿಳಿವಳಿಕೆ. ಎಂಜಿನಿಯರನೂ ಹಾಗೆಯೇ ಎಣಿಸುತ್ತಾನೆ, ಅಮಲ್ದಾರನೂ ಹಾಗೆಯೇ ಎಣಿಸುತ್ತಾನೆ. ಎಪ್‌ಸ್ಟೈನ್ ಕಂಡದ್ದು ಬೇರೆ. ನೀರು ಬಂದ ಊರಿನಲ್ಲಿ ಹಣ ಹೆಚ್ಚಿತು, ಮನೆಗಳು ಎದ್ದುವು, ಮದುವೆಗಳು ಅದ್ದೂರಿಯಾದುವು. ಆದರೆ ಒಕ್ಕಲಿಗನು ಒಕ್ಕಲಿಗನಾಗಿಯೇ ಉಳಿದ. ಅವನ ಆಳು ಆಳಾಗಿಯೇ ಉಳಿದ. ಕಬ್ಬು ಮತ್ತು ಭತ್ತದ ಬೇಸಾಯಕ್ಕೆ ಮೊದಲಿಗಿಂತ ಹೆಚ್ಚು ಕೈಗಳು ಬೇಕಾದುದರಿಂದ, ತಲೆತಲಾಂತರದಿಂದ ಬಂದ ಯಜಮಾನ ಮತ್ತು ಹಳೆಮಗನ ಸಂಬಂಧ, ಸುಗ್ಗಿಯಲ್ಲಿ ಕಣದ ಧಾನ್ಯವನ್ನು ಅಳೆದು ಕೊಡುವ ಪದ್ಧತಿ, ಇವು ಸಡಿಲಗೊಳ್ಳುವ ಬದಲು ಉಳಿದುಕೊಂಡುವು. ಹೊಸ ಸಂಪತ್ತು ಹಳೆಯ ಪಾತ್ರೆಯಲ್ಲಿಯೇ ತುಂಬಿಕೊಂಡಿತು.

ನೀರು ಬಾರದ ಊರಿನ ಕಥೆಯೇ ಬೇರೆ. ಸುತ್ತಲೂ ಹಸಿರು ಹಬ್ಬುತ್ತಿದ್ದಾಗ ತಮ್ಮ ಹೊಲ ಮಾತ್ರ ಮಳೆಯ ದಾರಿ ನೋಡುತ್ತಿರುವುದನ್ನು ಕಂಡ ಅಲ್ಲಿನ ಗಂಡಸರು ಊರ ಎಲ್ಲೆಯನ್ನು ದಾಟಿದರು. ಕೆಲವರು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಕೆಲವರು ಗಾಡಿ ಕಟ್ಟಿ ಕಬ್ಬು ಸಾಗಿಸಿದರು. ಕೆಲವರು ಹಿಟ್ಟಿನ ಗಿರಣಿ, ಅಕ್ಕಿಯ ಗಿರಣಿ ಹಾಕಿದರು. ಕೆಲವರು ನೆರೆಯ ಊರಿನಲ್ಲಿ ನೀರಾವರಿ ಜಮೀನು ಕೊಂಡರು. ಮಂಡ್ಯದ ಪೇಟೆಯೊಡನೆ ದಿನದಿನದ ನಂಟು ಬೆಳೆಯಿತು. ಇದರ ಪರಿಣಾಮವಾಗಿ ಊರಿನೊಳಗಿನ ಹಳೆಯ ಕಟ್ಟುಗಳು ಸಡಿಲವಾದುವು. ವಂಶಪಾರಂಪರ್ಯದ ಯಜಮಾನಿಕೆಯ ಎದುರಿಗೆ ಸಂಪಾದನೆಯಿಂದ ಬಂದ ಯಜಮಾನಿಕೆ ತಲೆಯೆತ್ತಿತು. ಹಳೆಮಗನ ಸಂಬಂಧ ಮುರಿದುಬಿತ್ತು. ನೀರು ಹರಿದಲ್ಲಿ ಸಮಾಜ ನಿಂತಿತು. ನೀರು ಬಾರದಲ್ಲಿ ಸಮಾಜ ಹರಿಯಿತು. 1962ರಲ್ಲಿ ಪ್ರಕಟವಾದ ಈ ಅಧ್ಯಯನದ ಸಾರವನ್ನು ಎರಡೂ ಹಳ್ಳಿಗಳಲ್ಲಿ ಇರದೆ, ಜನರ ಮಾತನ್ನು ಕಲಿಯದೆ, ಗದ್ದೆಯ ಲೆಕ್ಕದಿಂದ ಮದುವೆಯ ಖರ್ಚಿನವರೆಗೆ ಬರೆದುಕೊಳ್ಳದೆ, ಯಾವ ಬುದ್ಧಿವಂತನೂ ಕುಳಿತಲ್ಲಿಂದ ಊಹಿಸಿ ಹೇಳುವಂತಿರಲಿಲ್ಲ. 1970ರಲ್ಲಿ ಅವರು ಮತ್ತೆ ಅದೇ ಊರುಗಳಿಗೆ ಬಂದು, ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರ ಹಿಗ್ಗಿರುವುದನ್ನು ಗುರುತಿಸಿದರು. ಒಮ್ಮೆ ನೋಡಿದ ಊರನ್ನು ಮತ್ತೊಮ್ಮೆ ನೋಡಿದಲ್ಲದೆ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ.

ಇದನ್ನು ಓದಿದವರಿಗೆ ಸಂತೋಷದೊಡನೆ ಒಂದು ಬಗೆಯ ಸಂಕೋಚವೂ ಆಗದಿರದು. ಮಂಡ್ಯಕ್ಕೆ ಕೂಗಳತೆಯ ದೂರದಲ್ಲಿ ಮೈಸೂರು ವಿಶ್ವವಿದ್ಯಾನಿಲಯ 1916ರಿಂದ ಇದೆ. ಆದರೂ ಮಂಡ್ಯದ ಹಳ್ಳಿಯ ಒಳಗನ್ನು ಇಷ್ಟು ಕೂಲಂಕಷವಾಗಿ ಕಾಣಲು ಕಡಲಾಚೆಯ ವಿಶ್ವವಿದ್ಯಾನಿಲಯವೊಂದು ಸಂಶೋಧಕಿಯನ್ನು ಕಳುಹಿಸಬೇಕಾಯಿತು. ನಮ್ಮವರು ಏನೂ ಮಾಡಲಿಲ್ಲವೆಂದಲ್ಲ. ಕೆ. ಈಶ್ವರನ್ ಅವರು ‘ಶಿವಪುರ’ ಎಂಬ ಹೆಸರಿನಿಂದ ಉತ್ತರ ಕರ್ನಾಟಕದ ಹಳ್ಳಿಯೊಂದನ್ನು ಕುರಿತು 1960ರ ದಶಕದಲ್ಲಿ ಬೆಲೆಯುಳ್ಳ ಗ್ರಂಥಗಳನ್ನು ಬರೆದರು. 1972ರಲ್ಲಿ ವಿ. ಕೆ. ಆರ್. ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ಶ್ರೀನಿವಾಸರೂ ದೆಹಲಿಯಿಂದ ಅಲ್ಲಿಗೆ ಬಂದರು. ಆದರೆ ಇವು ಕೆಲವು ವ್ಯಕ್ತಿಗಳ, ಕೆಲವು ಸಂಸ್ಥೆಗಳ ಸಾಧನೆ. ವಿಶ್ವವಿದ್ಯಾನಿಲಯಗಳ ನಿತ್ಯದ ನಡೆಯಾಗಲಿಲ್ಲ.

ಸಾಮಾಜಿಕ ವಿಜ್ಞಾನವು ರಾಜ್ಯಾಡಳಿತಕ್ಕೆ ನೇರವಾಗಿ ನೆರವಾಗಬಲ್ಲದೆಂಬುದಕ್ಕೂ ನಿದರ್ಶನವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ಮುಂದೆ ಕುಲಪತಿಗಳೂ ಆದ ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ ಪ್ರಾದೇಶಿಕ ಅಸಮತೋಲನವನ್ನು ಕುರಿತು 2002ರಲ್ಲಿ ವರದಿ ಸಲ್ಲಿಸಿತು. ಅಂದಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ತೂಗಿ ನೋಡಿ, 114 ತಾಲ್ಲೂಕುಗಳು ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಅದು ನಿರ್ಣಯಿಸಿತು. ಆ 39ರಲ್ಲಿ ಹೆಚ್ಚಿನವು ಉತ್ತರದವು. ಆದರೆ ದಕ್ಷಿಣದಲ್ಲಿಯೂ ಅಂಥ ತಾಲ್ಲೂಕುಗಳಿದ್ದುವು. ಉತ್ತರ ದಕ್ಷಿಣಗಳ ವಾಗ್ವಾದದಲ್ಲಿ ಕಾವಷ್ಟೇ ಇದ್ದ ಕಡೆ ಆ ವರದಿ ಬೆಳಕನ್ನು ತಂದಿತು. ನೋವಿಗೆ ಅಳತೆ ಸಿಕ್ಕಿತು. ಬೇಡಿಕೆಗೆ ಆಧಾರ ಸಿಕ್ಕಿತು. ಅಳತೆಯೊಂದೇ ಪರಿಹಾರವಲ್ಲ ನಿಜ. ಆದರೆ ಅಳೆಯದ ಅನ್ಯಾಯವನ್ನು ಆಳುವವರು ಸುಲಭವಾಗಿ ಅಲ್ಲಗಳೆಯುತ್ತಾರೆ.

ಇನ್ನು ಇಂದಿನ ಮಾತಿಗೆ ಬರೋಣ. ಅದೇ ಮಂಡ್ಯ ಜಿಲ್ಲೆಗೇ ಮರಳಬೇಕಾಗಿದೆ. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನಲ್ಲಿ ಒಂದು ವಧೂವರರ ಸಮಾವೇಶ ನಡೆಯಿತು. ಬಂದ ವರರು ಸಾವಿರ ಸಾವಿರ. ವಧುಗಳು ಕೆಲವೇ ನೂರು ಎಂದು ಪತ್ರಿಕೆಗಳು ವರದಿ ಮಾಡಿದುವು. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನಿಂದ ಅವಿವಾಹಿತ ಯುವಕರ ಗುಂಪೊಂದು, ಹೆಣ್ಣು ದೊರೆಯಲೆಂದು ಹರಕೆ ಹೊತ್ತು, ಮಲೆಯ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೊರಟಿತು. ಅವರಲ್ಲಿ ಹೆಚ್ಚಿನವರು ಬೇಸಾಯಗಾರರು. ಅನೇಕರಿಗೆ ಇದು ನಗೆಯ ವಸ್ತುವಾಯಿತು. ಅದೇ ವರ್ಷದ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಭ್ರೂಣಲಿಂಗ ಪತ್ತೆಯ ಜಾಲವೊಂದನ್ನು ಭೇದಿಸಿದಾಗ, ಮಂಡ್ಯದ ಕಡೆಯ ಆಲೆಮನೆಯೊಂದರಲ್ಲಿ ಆ ಹೀನ ಕೃತ್ಯ ನಡೆಯುತ್ತಿತ್ತೆಂದು ಹೊರಬಿತ್ತು. ಕಬ್ಬು ಬೆಲ್ಲವಾಗಬೇಕಾದ ಜಾಗದಲ್ಲಿ ಹೆಣ್ಣುಕೂಸು ಹುಟ್ಟಬೇಕೆ ಬೇಡವೆ ಎಂಬ ತೀರ್ಪು ನಡೆಯುತ್ತಿತ್ತು. ಆಗ ಯಾರೂ ನಗಲಿಲ್ಲ.

ಎರಡು ಸುದ್ದಿಗಳನ್ನೂ ಜೋಡಿಸಿ, ‘ಹೆಣ್ಣನ್ನು ಕೊಂದರು, ಅದಕ್ಕೇ ಹೆಣ್ಣು ಸಿಗುತ್ತಿಲ್ಲ’ ಎಂದು ತೀರ್ಮಾನಿಸುವುದು ಸುಲಭ. ಆದರೆ ವಿಚಾರ ಅಲ್ಲಿಗೆ ನಿಲ್ಲಲಾರದು. ಇಂದು ಮೂವತ್ತರ ಆಸುಪಾಸಿನಲ್ಲಿರುವವರು 1990ರ ದಶಕದ ಮಕ್ಕಳು. 1991ರ ಜನಗಣತಿಯಂತೆ ಕರ್ನಾಟಕದಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 960 ಹೆಣ್ಣುಮಕ್ಕಳಿದ್ದರು. 2011ರಲ್ಲಿ ಆ ಸಂಖ್ಯೆ 948ಕ್ಕೆ ಇಳಿದಿತ್ತು. ಸಾವಿರಕ್ಕೆ ನಲವತ್ತರ ಕೊರತೆ ಅನ್ಯಾಯದ ಗುರುತೇ ಸರಿ. ಆದರೆ ಸಾವಿರಾರು ವರರ ಎದುರಿಗೆ ನೂರಾರು ವಧುಗಳು ನಿಂತ ದೃಶ್ಯವನ್ನು ಅದೊಂದೇ ವಿವರಿಸಲಾರದು. ಹುಡುಗಿಯರು ಓದಿದ್ದಾರೆ, ಬೆಂಗಳೂರು ಕಣ್ಣಳತೆಯಲ್ಲಿದೆ, ತಾಯಂದಿರು ಬಿಸಿಲಲ್ಲಿ ಬೆಂದ ಬಾಳನ್ನು ಅವರು ಕಂಡಿದ್ದಾರೆ. ಹೊಲವು ಅಣ್ಣತಮ್ಮಂದಿರ ಪಾಲಿನಲ್ಲಿ ತುಂಡಾಗಿ, ಮೂವತ್ತು ಗುಂಟೆಯ ಒಡೆತನಕ್ಕೆ ಹಿಂದಿನ ಗೌರವ ಉಳಿದಿಲ್ಲ. ಕಬ್ಬಿನ ಹಣ ಬರುವ ದಿನವನ್ನು ನಂಬುವಂತಿಲ್ಲ. ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ? ಹುಡುಗಿ ನಿರಾಕರಿಸುತ್ತಿರುವುದು ಹುಡುಗನನ್ನೋ, ಅವನ ಕಸುಬನ್ನೋ, ಅತ್ತೆಯ ಮನೆಯ ಕಟ್ಟುಪಾಡನ್ನೋ? ಜಾತಿಯ ಎಲ್ಲೆಯನ್ನು ದಾಟಿ ಹೆಣ್ಣು ತರಲು ಸಿದ್ಧರಿರುವವರೆಷ್ಟು ಮಂದಿ? ನೀರು ಬಂದ ಊರಿನಲ್ಲಿ ಸಮಾಜ ನಿಂತಿತೆಂದು ಎಪ್‌ಸ್ಟೈನ್ ಬರೆದರಷ್ಟೆ; ಹಾಗೆ ನಿಂತುದಕ್ಕೆ ಇಂದಿನ ಈ ಬಿಕ್ಕಟ್ಟಿನಲ್ಲಿ ಏನಾದರೂ ಪಾಲುಂಟೆ?

ಈ ಪ್ರಶ್ನೆಗಳಿಗೆ ಉತ್ತರವನ್ನು ಪೊಲೀಸಿನವರು ಕೊಡಲಾರರು, ಮಠಗಳು ಕೊಡಲಾರವು, ಒಂದು ದಿನದ ಸುದ್ದಿಯನ್ನು ಬರೆಯುವ ಪತ್ರಿಕೆಗಳೂ ಕೊಡಲಾರವು. ವರ್ಷಗಟ್ಟಲೆ ಊರಿನಲ್ಲಿದ್ದು, ಹುಡುಗಿಯರ ಮಾತನ್ನು ಅವರ ತಂದೆಯರ ಎದುರಿಗಲ್ಲದೆ ಬೇರೆಯಾಗಿ ಕೇಳಿ, ಪಹಣಿಯನ್ನೂ ಶಾಲೆಯ ದಾಖಲೆಯನ್ನೂ ಒರೆಗೆ ಹಚ್ಚಿ ನೋಡಬಲ್ಲ ಸಂಸ್ಥೆ ವಿಶ್ವವಿದ್ಯಾನಿಲಯ ಮಾತ್ರ. ಉತ್ತರ ತಿಳಿಯದಿದ್ದರೆ ಸರ್ಕಾರ ಕೈಗೊಳ್ಳುವ ಕ್ರಮ ಕತ್ತಲಲ್ಲಿ ಎಸೆದ ಕಲ್ಲಾಗುತ್ತದೆ. ಇದು ಪಾಂಡಿತ್ಯದ ವಿಲಾಸವಲ್ಲ. ಹುಟ್ಟಲಿರುವ ಕೂಸುಗಳ ಪ್ರಾಣದ ಪ್ರಶ್ನೆ.

ಆದರೆ ನಮ್ಮ ವಿಶ್ವವಿದ್ಯಾನಿಲಯಗಳ ಸ್ಥಿತಿ ಹೇಗಿದೆ? ಖಾಲಿಯಾದ ಹುದ್ದೆಗಳು ತುಂಬುವುದಿಲ್ಲ. ಬೋಧನೆಯ ಭಾರವನ್ನು ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ. ಮುಂದಿನ ವರ್ಷ ತನಗೆ ಕೆಲಸವುಂಟೋ ಇಲ್ಲವೋ ಎಂದು ಅರಿಯದವನು ಹಳ್ಳಿಯಲ್ಲಿ ಎರಡು ವರ್ಷ ನೆಲೆಸಿ ಅಧ್ಯಯನ ಮಾಡುವನೆಂದು ಹೇಗೆ ನಿರೀಕ್ಷಿಸುವುದು? ಸಂಶೋಧನೆಯೆಂಬುದು ಪದವಿಗೂ ಬಡ್ತಿಗೂ ಮೆಟ್ಟಿಲಾಗಿ, ಹತ್ತು ಪ್ರಶ್ನೆಗಳ ಕಾಗದವನ್ನು ಹಂಚಿ, ಬಂದ ಉತ್ತರಗಳನ್ನು ಶೇಕಡಾವಾರು ಕೋಷ್ಟಕದಲ್ಲಿ ಇಳಿಸಿ, ರಟ್ಟು ಕಟ್ಟಿಸಿ ಗ್ರಂಥಾಲಯದ ಕಪಾಟಿಗೆ ಸೇರಿಸುವ ವಿಧಿಯಾಗುತ್ತಿದೆ. ಎಲ್ಲೆಡೆಯೂ ಹೀಗೆಂದು ಹೇಳುವುದು ತಪ್ಪಾದೀತು. ನಿಷ್ಠೆಯಿಂದ ದುಡಿಯುವ ಅಧ್ಯಾಪಕರು ಇದ್ದಾರೆ. ಅವರು ವ್ಯವಸ್ಥೆಯ ದೆಸೆಯಿಂದಲ್ಲ, ವ್ಯವಸ್ಥೆಯಿದ್ದೂ ದುಡಿಯುತ್ತಿದ್ದಾರೆ.

ಎರಡನೆಯ ಕೊರತೆ ಭಾಷೆಯದು. ರಾಮಪುರ, ವಂಗಲ, ದಲೇನ, ಶಿವಪುರ ಇವುಗಳ ಚರಿತ್ರೆಗಳನ್ನು ಮೊದಲು ಓದಿದವರು ಲಂಡನ್ ನ್ಯೂಯಾರ್ಕುಗಳ ವಿದ್ಯಾರ್ಥಿಗಳು. ತನ್ನ ಊರಿನ ಬಗ್ಗೆ ಪುಸ್ತಕವಾಗಿದೆಯೆಂದು ಆ ಊರಿನ ರೈತನಿಗೆ ತಿಳಿದಿದ್ದರೂ, ಅದರೊಳಗೇನಿದೆಯೆಂದು ಅವನು ಓದುವಂತಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿ, ಅವನ್ನು ಕೈಗೆಟಕುವ ಬೆಲೆಯ ಚಿಕ್ಕ ಪುಸ್ತಕಗಳಾಗಿ ಹೊರತಂದದ್ದು ಈ ದೃಷ್ಟಿಯಿಂದ ಎಷ್ಟು ದೂರದರ್ಶಿತ್ವದ ಕೆಲಸ! 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಅಭಿವೃದ್ಧಿಯ ಅಧ್ಯಯನವೂ ಕನ್ನಡದಲ್ಲಿ ನಡೆಯಬಲ್ಲುದೆಂಬುದು ಸ್ಪಷ್ಟವಾಯಿತು. ಆದರೂ ಒಳ್ಳೆಯ ಸಂಶೋಧನೆ ಇಂಗ್ಲಿಷಿನಲ್ಲಿಯೂ, ಪರೀಕ್ಷೆಯ ಕೈಪಿಡಿ ಕನ್ನಡದಲ್ಲಿಯೂ ಇರುವ ವಿಂಗಡಣೆ ಇನ್ನೂ ಅಳಿದಿಲ್ಲ. ಯಾರ ಬಾಳು ಅಧ್ಯಯನದ ವಸ್ತುವೋ ಅವರು ಆ ಅಧ್ಯಯನವನ್ನು ಓದಿ ‘ಇದು ಸರಿ, ಇದು ತಪ್ಪು’ ಎನ್ನುವಂತಾದಾಗಲೇ ಅದು ಪೂರ್ಣವಾದಂತೆ. ಆಗ ‘ವೋಟ್ ಬ್ಯಾಂಕ್’ನಂಥ ಮಾತುಗಳು ದಾರಿ ತಪ್ಪುವ ಸಂಭವವೂ ಕಡಮೆ.

ಮೂರನೆಯದು ಸ್ವಾತಂತ್ರ್ಯದ ಪ್ರಶ್ನೆ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ನಮ್ಮ ರಾಜ್ಯದಲ್ಲಿ 2015ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯೊಂದು ನಡೆದು, ಅದರ ಅಂಕಿಗಳನ್ನು ಕುರಿತು ವರ್ಷಗಳ ಕಾಲ ವಿವಾದ ಬೆಳೆದು, 2025ರಲ್ಲಿ ಮತ್ತೊಂದು ಸಮೀಕ್ಷೆ ನಡೆಯಿತು. ಎರಡು ಬಾರಿಯೂ ಮನೆಮನೆಯ ಬಾಗಿಲು ತಟ್ಟಿದವರು ಶಾಲೆಯ ಉಪಾಧ್ಯಾಯರು. ತಮ್ಮ ಸಂಖ್ಯೆ ಕಡಮೆಯಾಯಿತೆಂದು ಒಬ್ಬರು, ಇನ್ನೊಬ್ಬರ ಸಂಖ್ಯೆ ಹೆಚ್ಚಾಯಿತೆಂದು ಮತ್ತೊಬ್ಬರು ವಾದಿಸುವಾಗ, ‘ಎಣಿಸಿದ ಕ್ರಮ ಇದು, ಇದರ ಬಲ ಇಷ್ಟು, ಇದರ ಮಿತಿ ಇಷ್ಟು’ ಎಂದು ಯಾರ ಮುಲಾಜೂ ಇಲ್ಲದೆ ಹೇಳುವ ಮೂರನೆಯ ದನಿ ಗಟ್ಟಿಯಾಗಿ ಕೇಳಬೇಕಾಗಿತ್ತು. ಅದು ವಿಶ್ವವಿದ್ಯಾನಿಲಯಗಳ ದನಿ. ಅನುದಾನಕ್ಕಾಗಿ ಕೈಕಟ್ಟಿ ನಿಲ್ಲುವ ವಿದ್ಯಾಸಂಸ್ಥೆ ಅಪ್ರಿಯ ಸತ್ಯವನ್ನು ನುಡಿಯಲಾರದು. ಪ್ರಿಯ ಸತ್ಯವನ್ನಷ್ಟೇ ನುಡಿಯುವವರು ಬೇಕಾದಷ್ಟು ಮಂದಿ ಬೇರೆಡೆ ಇದ್ದಾರೆ.

ಈ ವಿದ್ಯೆಗಳೂ ಅಹಂಕಾರವನ್ನು ಬಿಡಬೇಕು ಎಂಬ ಮಾತನ್ನು ಸೇರಿಸದಿದ್ದರೆ ವಿಚಾರ ಒಕ್ಕಣ್ಣಿನದಾದೀತು. ಜನರನ್ನು ಪೆಟ್ಟಿಗೆಯಲ್ಲಿಟ್ಟ ಮಾದರಿಗಳಂತೆ ಕಂಡು, ಮೂಗು ತಲೆಗಳನ್ನು ಅಳೆದು ಜಾತಿಗಳನ್ನು ವರ್ಣಿಸಿದ ಕಾಲವೊಂದಿತ್ತು. ಅಧ್ಯಯನಕಾರನು ಯಾರ ಜಗುಲಿಯ ಮೇಲೆ ಕುಳಿತು ಹಳ್ಳಿಯನ್ನು ನೋಡುತ್ತಾನೋ ಆ ಜಗುಲಿಯ ಎತ್ತರದಿಂದಲೇ ಹಳ್ಳಿ ಅವನಿಗೆ ಕಾಣುತ್ತದೆ. ಗೌಡನ ಮನೆಯಿಂದ ಕಂಡ ಊರೂ ಹೊಲಗೇರಿಯಿಂದ ಕಂಡ ಊರೂ ಒಂದೇ ಅಲ್ಲ. ಹಿಂದೆ ವಸ್ತುವಾಗಿದ್ದವರ ಮಕ್ಕಳು ಇಂದು ಅದೇ ವಿಭಾಗಗಳಲ್ಲಿ ವಿದ್ಯಾರ್ಥಿಗಳಾಗಿ, ಅಧ್ಯಾಪಕರಾಗಿ ಬಂದಿರುವುದು ಈ ವಿದ್ಯೆಗಳ ಭಾಗ್ಯ. ಅವರ ಕಣ್ಣಿನಿಂದ ನೋಡಿದಾಗ ಹಳೆಯ ಗ್ರಂಥಗಳ ಎಷ್ಟೋ ಮಾತುಗಳು ತಿದ್ದುಪಡಿಯನ್ನು ಬೇಡುತ್ತವೆ. ಅಂಥವರೇ ಹೆಚ್ಚಾಗಿ ಓದುವ ವಿಭಾಗಗಳನ್ನು ಬಡವಾಗಿಸುವುದು ಎರಡು ಪಟ್ಟು ಅನ್ಯಾಯ.

ಆಗಬೇಕಾದುದು ದೊಡ್ಡ ವೆಚ್ಚದ ಕಾರ್ಯವೇನೂ ಅಲ್ಲ. ಒಂದೊಂದು ವಿಶ್ವವಿದ್ಯಾನಿಲಯವೂ ತನ್ನ ಸೀಮೆಯ ನಾಲ್ಕಾರು ಹಳ್ಳಿಗಳನ್ನೂ ಪೇಟೆಯ ಒಂದೆರಡು ಕೇರಿಗಳನ್ನೂ ಆರಿಸಿಕೊಂಡು, ಹತ್ತು ವರ್ಷಕ್ಕೊಮ್ಮೆ ತಪ್ಪದೆ ಅವುಗಳ ಅಧ್ಯಯನವನ್ನು ಹೊಸದಾಗಿ ನಡೆಸಲಿ. ಅರ್ಥಶಾಸ್ತ್ರಜ್ಞನೂ ಸಮಾಜಶಾಸ್ತ್ರಜ್ಞನೂ ಕೃಷಿಯನ್ನು ಬಲ್ಲವನೂ ಕೂಡಿಯೇ ಹೋಗಲಿ. ವಿದ್ಯಾರ್ಥಿಗೆ ಊರಿನಲ್ಲಿ ನೆಲೆಸಲು ತಕ್ಕಷ್ಟು ವೇತನವೂ ಕಾಲವೂ ದೊರೆಯಲಿ. ಬರೆದುದನ್ನು ಕನ್ನಡದಲ್ಲಿ ಅಚ್ಚುಮಾಡಿ, ಮೊದಲ ಪ್ರತಿಯನ್ನು ಆ ಊರಿನ ಗ್ರಾಮಸಭೆಯಲ್ಲಿ ಓದಿಸಲಿ. ಐವತ್ತು ವರ್ಷ ಹೀಗೆ ನಡೆದರೆ, ನಾಡಿನ ಬದಲಾವಣೆಯ ದಿನಚರಿಯೇ ನಮ್ಮ ಕೈಯಲ್ಲಿರುತ್ತದೆ.

ನಾಲೆಯ ನೀರು ಯಾವ ಗದ್ದೆಗೆ ಏರುತ್ತದೆ, ಯಾವುದಕ್ಕೆ ಏರುವುದಿಲ್ಲ ಎಂಬುದನ್ನು ಮಟ್ಟದ ಕೋಲು ಹೇಳಬಲ್ಲದು. ಆ ನೀರು ಬಂದ ಮೇಲೆ ಮನೆಯೊಳಗೆ ಏನಾಯಿತು, ಆಳು ಒಡೆಯರ ನಡುವೆ ಏನಾಯಿತು, ಮಗಳು ಏಕೆ ಊರು ಬಿಟ್ಟಳು, ಮಗನು ಏಕೆ ಒಂಟಿಯಾಗಿ ಬೆಟ್ಟ ಹತ್ತಿದ ಎಂಬುದನ್ನು ಹೇಳುವ ಕೋಲು ಬೇರೆ. ಅದನ್ನು ಹಿಡಿಯುವ ಕೈಗಳಿಗೆ ತರಬೇತು ಕೊಡುವ ಹೊಣೆ ವಿಶ್ವವಿದ್ಯಾನಿಲಯಗಳದು. ಆ ಕೈಗಳಿಗೆ ಕೆಲಸ ಕೊಡುವ ಹೊಣೆ ಸರ್ಕಾರದ್ದು. ಅವು ಅಳೆದು ಹೇಳಿದುದನ್ನು, ರುಚಿಸದಿದ್ದರೂ, ಕಿವಿಗೊಟ್ಟು ಕೇಳುವ ಹೊಣೆ ನಮ್ಮೆಲ್ಲರದು.